ಟೋಪಿ ತೆಗೆದಿಟ್ಟಾಗಿನ ಹೆಸರು

ಕುಂಬೋ ಊರಿನ ಸಂತೆಯ ಮೇಲುಬದಿಯಲ್ಲಿ, ದನದ ಸಂತೆಗೆ ಹೋಗುವ ಏರುದಾರಿ ಶುರುವಾಗುವಲ್ಲಿ, ವಿರ್ಬಾನ ಕ್ಷೌರದ ಅಂಗಡಿ ಮೂವತ್ತೊಂದು ವರ್ಷದಿಂದ ಇತ್ತು. ತಗಡಿನ ಮಾಡು, ಹಲಗೆಯ ಗೋಡೆ, ಮುಂದೊಂದು ಬೆಂಚು, ಒಳಗೆ ತಿರುಗುವುದನ್ನು ಎಂದೋ ನಿಲ್ಲಿಸಿಬಿಟ್ಟಿದ್ದ ಒಂದು ತಿರುಗುಕುರ್ಚಿ. ಕುರ್ಚಿಯ ಹಿಂದೆ ಪರದೆ. ಪರದೆಯಾಚೆ ಇನ್ನೊಂದು ಕೋಣೆಯಿತ್ತು. ಕೋಣೆ ಅನ್ನುವುದೇ ಹೆಚ್ಚು. ಒಂದು ಮುಕ್ಕಾಲಿ, ಒಂದು ಬಕೆಟ್ಟು, ಗೋಡೆಗೆ ಆಳೆತ್ತರದಲ್ಲಿ ಹೊಡೆದ ಒಂದು ಮರದ ಗೂಟ, ಅಷ್ಟೇ. ಆ ಗೂಟಕ್ಕೆ ವಿರ್ಬಾ ತನ್ನ ಟವೆಲನ್ನೂ ನೇತುಹಾಕುತ್ತಿರಲಿಲ್ಲ.

ಅವನಿಗೆ ಐವತ್ತೆಂಟಾಗಿತ್ತು. ದಿನವಿಡೀ ನಿಂತು ನಿಂತು ಮಂಡಿಗಳು ಮಳೆಗಾಲಕ್ಕೆ ಮುಂಚೆಯೇ ಮಳೆಯನ್ನು ಹೇಳುತ್ತಿದ್ದವು. ಜನರ ಮುಖ ಮರೆತರೂ ನೆತ್ತಿಯ ಸುಳಿ ಅವನಿಗೆ ಮರೆಯುತ್ತಿರಲಿಲ್ಲ. ಊರಿನವರು ಒಬ್ಬರನ್ನೊಬ್ಬರು ಗುರುತಿಸುತ್ತಿದ್ದುದು ಟೋಪಿಯಿಂದ. ಬರಿಯ ನೂಲಿನ ಟೋಪಿಯವರು, ಕಸೂತಿಯ ಟೋಪಿಯವರು, ಎಲ್ಲರಿಗಿಂತ ಮೇಲೆ ಕೆಂಪು ಗರಿ ಸಿಕ್ಕಿಸಿದ ಟೋಪಿಯವರು. ವಿರ್ಬಾನಿಗೆ ಆ ಟೋಪಿಗಳ ಕೆಳಗಿದ್ದುದೆಲ್ಲ ಗೊತ್ತಿತ್ತು. ಯಾರಿಗೆ ಎರಡು ಸುಳಿ, ಯಾರಿಗೆ ಚಿಕ್ಕಂದಿನ ಕಲ್ಲೇಟಿನ ಗುರುತು, ಯಾರಿಗೆ ಬೆವರುಗುಳ್ಳೆ. ಇದನ್ನು ಅವನು ಎಲ್ಲಿಯೂ ಆಡುತ್ತಿರಲಿಲ್ಲ. ಆಡುವಷ್ಟು ಹುಮ್ಮಸ್ಸೂ ಅವನಲ್ಲಿ ಉಳಿದಿರಲಿಲ್ಲ.

ಆ ದಿನ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಹುರುಳಿಕಾಳು ಬೇಯಿಸಿ ಮಾರುತ್ತಿದ್ದ ತಂಗಿ ಬೇರಿ ಬರಿಗೈಯಲ್ಲಿ ಒಳಗೆ ಬಂದಳು. ದಿನಾ ಒಂದು ಬಟ್ಟಲು ಕಾಳು, ಎರಡು ಬಜ್ಜಿ ತಂದುಕೊಟ್ಟು ಏನಾದರೊಂದು ಚುಚ್ಚುಮಾತಾಡಿ ಹೋಗುವವಳು ಅವತ್ತು ಬೆಂಚಿನ ಮೇಲೆ ಕೂತು ಕೈಯೊರಸಿಕೊಳ್ಳುತ್ತಲೇ ಇದ್ದಳು.

"ಮನೆಯ ಬೆಂಕಿ ಆರಿತಂತೆ," ಅಂದಳು.

ಫಾಯ್ ಸತ್ತ ಅಂತ ಯಾರೂ ಹೇಳುವುದಿಲ್ಲ. ಮನೆತನದ ಯಜಮಾನನಾಗಿ, ಅರಸನ ಕೈಯಿಂದ ಕೆಂಪು ಗರಿ ಪಡೆದು ಫಾಯ್ ಪಟ್ಟಕ್ಕೆ ಕೂತವನು ಹೋದರೆ ಬೆಂಕಿ ಆರಿತು ಅನ್ನುತ್ತಾರೆ. ವಿರ್ಬಾ ಕ್ಷೌರದ ಕತ್ತಿ ಮಸೆಯುತ್ತಿದ್ದ ಚರ್ಮದ ಪಟ್ಟಿಯನ್ನು ಕೆಳಗಿಟ್ಟ. ಫಾಯ್ ಅವರಿಬ್ಬರ ಅಣ್ಣ. ಹೋದ ವಾರವಷ್ಟೇ ವಿರ್ಬಾ ಅವನ ತಲೆ ಬೋಳಿಸಿದ್ದ.

ಬೇರಿ ಅಳುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ನಿನ್ನೆ ಸಂಜೆಯಿಂದ ಮುದುಕ ಕಿಬೋಂಗ್ ಈ ದಾರಿಯಲ್ಲಿ ಎರಡು ಸಲ ಹೋಗಿ ಬಂದದ್ದನ್ನು ಹೇಳಿದಳು. ಕಿಬೋಂಗ್ ಮನೆತನದ ಹಿರಿಯರಲ್ಲಿ ಹಿರಿಯ. ಕಾಳು ಕೊಳ್ಳಲಿಲ್ಲ, ಮಾತಾಡಲಿಲ್ಲ, ವಿರ್ಬಾನ ಅಂಗಡಿಯ ಕಡೆ ನೋಡಿದ, ಹೋದ. ಹೋರಿ ಕೊಳ್ಳುವವನು ಕೊಳ್ಳುವುದಿಲ್ಲ ಅನ್ನುವಂತೆ ನೋಡಿ ಹೋಗುತ್ತಾನಲ್ಲ, ಹಾಗೆ.

"ಬಟ್ಟೆ ಕಟ್ಟಿಟ್ಟಿದೀನಿ," ಅಂದಳು ಬೇರಿ. "ಮಧ್ಯಾಹ್ನದ ಬಸ್ಸಿಗೆ ಬಮೆಂಡಾಕ್ಕೆ ಹೋಗು. ಅಲ್ಲಿಂದ ಬಫೂಸಾಮಿಗೆ, ಮಗಳ ಮನೆಗೆ. ಮೂರು ತಿಂಗಳು ಅಲ್ಲೇ ಇರು. ಅಷ್ಟರಲ್ಲಿ ಇನ್ಯಾರನ್ನಾದ್ರೂ ಹಿಡ್ಕೊಂಡಿರ್ತಾರೆ."

ಅವನು ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ. ಹೊಸ ಫಾಯ್‌ನನ್ನು ಆರಿಸುವುದೆಂದರೆ ಹಿಡಿಯುವುದು. ಹಿರಿಯರು ಒಳಗೊಳಗೇ ಮಾತಾಡಿಕೊಂಡು ಒಬ್ಬನನ್ನು ಗೊತ್ತುಮಾಡುತ್ತಾರೆ. ಅವನಿಗೆ ಹೇಳುವುದಿಲ್ಲ. ಸೂತಕದ ಗುಂಪಿನಲ್ಲಿಯೋ ದಾರಿಯಲ್ಲಿಯೋ ಗಟ್ಟಿ ಆಳುಗಳು ಬಂದು ಹೆಗಲ ಮೇಲೆ ಕೈಯಿಟ್ಟು 'ಫಾಯ್' ಅಂದರೆ ಮುಗಿಯಿತು. ಅಲ್ಲಿಂದ ಮುಂದೆ ಅವನ ಕೈ ಕುಲುಕುವಂತಿಲ್ಲ. ಅವನೆದುರು ಬಾಗಿ, ಬಾಯಿಗೆ ಅಂಗೈ ಮರೆಮಾಡಿಕೊಂಡೇ ಮಾತಾಡಬೇಕು. ಅವನು ಬೀದಿಯಲ್ಲಿ ತಿನ್ನುವಂತಿಲ್ಲ, ಇನ್ನೊಬ್ಬರ ಕೆಲಸ ಮಾಡುವಂತಿಲ್ಲ. ಹುಟ್ಟಿದಾಗ ಇಟ್ಟ ಹೆಸರನ್ನು ಹೆಂಡತಿಯೂ ಎತ್ತುವಂತಿಲ್ಲ. ಇಷ್ಟೆಲ್ಲ ಬಿಟ್ಟುಕೊಟ್ಟದ್ದಕ್ಕೆ ತಲೆಯ ಮೇಲೊಂದು ಟೋಪಿ, ಟೋಪಿಗೊಂದು ಗರಿ. ಊರೇ ದಾರಿ ಬಿಡುತ್ತದೆ. ಆದರೂ ಓಡುವವರು ಓಡುತ್ತಿದ್ದರು.

ವಿರ್ಬಾ ಒಮ್ಮೆ ಓಡಿದ್ದ.

ಇಪ್ಪತ್ತಾರು ವರ್ಷದ ಹಿಂದೆ ಅವರ ದೊಡ್ಡಪ್ಪ ಫಾಯ್ ಆಗಿದ್ದವನು ಹೋದಾಗ, ಹಿರಿಯರು ಗೊತ್ತುಮಾಡಿದ್ದು ವಿರ್ಬಾನನ್ನು. ಅದು ಅವನಿಗೆ ತಿಳಿದದ್ದು ಒಂದು ತಲೆಯಿಂದಲೇ. ಇದೇ ಕಿಬೋಂಗ್ ಕ್ಷೌರಕ್ಕೆ ಕೂತಿದ್ದ. ಯಾವಾಗಲೂ ವಟಗುಟ್ಟುವವನು ಅವತ್ತು ತುಟಿ ಬಿಚ್ಚಲಿಲ್ಲ. ಎದ್ದು ಹೋಗುವಾಗ, ಎಂದೂ ಇಲ್ಲದ್ದು, ಬಾಗಿಲಲ್ಲಿ ಸ್ವಲ್ಪ ಬಾಗಿದ. ವಿರ್ಬಾ ಕತ್ತಿಯನ್ನೂ ತೊಳೆಯದೆ ಮರ ಸಾಗಿಸುವ ಲಾರಿಯೊಂದನ್ನು ಹತ್ತಿ ಹೋದ. ಆಗ ಅವನಿಗೆ ಕುದುರಿಬಂದ ಅಂಗಡಿ, ಹೊಸ ಹೆಂಡತಿ. ಅವನು ಸಿಗದಿದ್ದಾಗ ಅವರು ಹಿಡಿದದ್ದು ಅಣ್ಣ ತಂಗ್ವಾನನ್ನು.

ತಂಗ್ವಾ ಲಾರಿ ಓಡಿಸುತ್ತಿದ್ದ. ಬಮೆಂಡಾ ದಾರಿಯ ಒಂದೊಂದು ತಿರುವಿಗೂ ಅವನು ಒಂದೊಂದು ಹೆಸರಿಟ್ಟಿದ್ದ. ಇಳಿಜಾರಿನಲ್ಲಿ ಹಾಡುತ್ತಾನೆ, ಅವನ ಲಾರಿ ಬರುವುದು ಹಾರನ್ನಿಗಿಂತ ಮೊದಲು ಹಾಡಿನಲ್ಲಿ ಗೊತ್ತಾಗುತ್ತದೆ ಅಂತ ಜನ ನಗುತ್ತಿದ್ದರು. ಟೋಪಿ ಬಂದ ಮೇಲೆ ಅವನು ಲಾರಿ ಓಡಿಸಲಿಲ್ಲ. ಹಾಡಲೂ ಇಲ್ಲ. ಮೂರು ತಿಂಗಳು ಬಿಟ್ಟು ವಿರ್ಬಾ ಹಿಂದಿರುಗಿದಾಗ ಅಂಗಳದಲ್ಲಿ ಆಸನದ ಮೇಲೆ ಕೂತಿದ್ದವನ ಎದುರು ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, ಫಾಯ್ ಅಂದ. ಅಣ್ಣ ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ವಿರ್ಬಾನಿಗೆ ಎಷ್ಟೋ ವರ್ಷ ಅನ್ನಿಸುತ್ತಿತ್ತು.

ಫಾಯ್‌ನ ತಲೆಯನ್ನು ಬೋಳಿಸುವವನು ರಕ್ತಸಂಬಂಧಿಯೇ ಆಗಬೇಕು, ಬೇರೆಯವರ ಕಣ್ಣಿಗೆ ಬೀಳಬಾರದು. ಹಾಗಾಗಿ ತಿಂಗಳಿಗೊಮ್ಮೆ ತಂಗ್ವಾ ಹಿಂಬಾಗಿಲಿನಿಂದ ಪರದೆಯಾಚೆಗೆ ಬರುತ್ತಿದ್ದ. ಟೋಪಿ ನೆಲ ಮುಟ್ಟಬಾರದು, ಬೇರೆಯವರ ಕೈಯೂ ಮುಟ್ಟಬಾರದು. ಅದಕ್ಕೇ ಆ ಗೂಟ. ತಾನೇ ನೇತುಹಾಕಿ ಮುಕ್ಕಾಲಿಯ ಮೇಲೆ ಕೂರುತ್ತಿದ್ದ. ಮೊದಲ ಹತ್ತು ವರ್ಷ ಅಲ್ಲಿಯೂ ಅವರು ಹೆಚ್ಚು ಮಾತಾಡಲಿಲ್ಲ. ಕತ್ತಿಯ ಸದ್ದು, ಬಕೆಟ್ಟಿನಲ್ಲಿ ನೀರಿನ ಸದ್ದು.

ಆಮೇಲೆ ಆ ಬೈಕಿನ ಸಂಗತಿ ನಡೆಯಿತು. ಸಂತೆಯ ದಿನ. ತಂಗ್ವಾ ಅರಮನೆಗೆ ಇಳಿಯುವ ದಾರಿಯಲ್ಲಿ ನಡೆದು ಹೋಗುತ್ತಿದ್ದ. ಬೆಲ್ಲದಷ್ಟು ಕೆಂಪಾದ ಕೆಸರು. ಮೇಲಿನಿಂದ ಇಬ್ಬರನ್ನು ಕೂರಿಸಿಕೊಂಡ ಬೈಕೊಂದು ಬ್ರೇಕು ಹಿಡಿಯದೆ ಜಾರುತ್ತ ಬಂತು. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ವಿರ್ಬಾ ನೋಡಿದ; ನೋಡಿದವನೇ ಕೂಗಿದ. ಫಾಯ್ ಅಂತ ಕೂಗಬೇಕಿತ್ತು. ಬಾಯಿಗೆ ಬಂದದ್ದು ತಂಗ್ವಾ ಅಂತ. ಮೂರು ಸಲ ಕೂಗಿದ. ಅಣ್ಣ ತಿರುಗಲಿಲ್ಲ. ಬೈಕು ಬಡಿದು ಎಡ ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಆಮೇಲೆ ಸಾಯುವವರೆಗೂ ಕುಂಟಿದ.

ತುಂಬಿದ ಸಂತೆಯಲ್ಲಿ ಫಾಯ್‌ನ ಹೆಸರು ಹಿಡಿದು ಕೂಗಿದ್ದಕ್ಕೆ ವಿರ್ಬಾನಿಗೆ ಒಂದು ಆಡು, ಎರಡು ಕೋಳಿ ದಂಡ ಬಿತ್ತು. ದಂಡ ಹೇಳಬೇಕಾದವನೂ ಫಾಯೇ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ಕೂತಿದ್ದವನು ಗಂಭೀರವಾಗಿ ಹೇಳಿದ. ಆಡನ್ನು ಬೇಯಿಸಿ ಎಲ್ಲರೂ ಉಂಡರು. ದಂಡ ತೆತ್ತವನಿಗೂ ಒಂದು ತುಂಡು ಬಂತು. ಬೇರಿ, ನಿನ್ನ ಆಡು ನಿನ್ನ ಹಾಗೇ ಗಟ್ಟಿ, ಬೇಯಲಿಕ್ಕೆ ಅರ್ಧ ದಿನ ಹಿಡೀತು, ಅಂದಿದ್ದಳು.

ಕಾಲು ಕೂಡಿದ ಮೇಲೆ ತಂಗ್ವಾ ಪರದೆಯಾಚೆಗೆ ಬಂದು ಟೋಪಿ ತೂಗುಹಾಕಿ ಕೂತ. ಅರ್ಧ ತಲೆ ಆಗುವವರೆಗೆ ಕೂಡಿದ ಕಾಲನ್ನು ಸವರಿಕೊಳ್ಳುತ್ತಿದ್ದ.

"ನೀನು ಕೂಗಿದ್ದು ಕೇಳಿಸ್ತು," ಅಂದ. "ಯಾರೋ ಯಾರನ್ನೋ ಕೂಗ್ತಿದಾನೆ ಅನ್ಕೊಂಡೆ."

ವಿರ್ಬಾ ಕತ್ತಿಯನ್ನು ಬಕೆಟ್ಟಿನಲ್ಲಿ ಅದ್ದಿದ.

"ಇಲ್ಲಿ ಕೂತಾಗ ಕರಿ. ಆಗಾಗ."

"ಕರೆದು ಏನು ಹೇಳ್ಲಿ?"

"ಏನೂ ಹೇಳ್ಬೇಡ. ತಲೆ ತಗ್ಗಿಸು ಅನ್ನು. ಈ ಕಡೆ ತಿರುಗು ಅನ್ನು. ಎಲ್ಲಾರಿಗೂ ಅಂತೀಯಲ್ಲ, ಅಷ್ಟೇ."

ಅಂದಿನಿಂದ ಹದಿನಾರು ವರ್ಷ, ತಿಂಗಳಿಗೊಮ್ಮೆ, ಗೂಟದ ಮೇಲೆ ಟೋಪಿ ಇರುವಷ್ಟು ಹೊತ್ತು, ತಂಗ್ವಾ ಅನ್ನುವ ಒಬ್ಬ ಮನುಷ್ಯ ಕುಂಬೋದಲ್ಲಿ ಇದ್ದ. ತಂಗ್ವಾ, ತಲೆ ತಗ್ಗಿಸು. ತಂಗ್ವಾ, ಅಲ್ಲಾಡಬೇಡ. ಬೋಳಿಸುವಾಗ ಕೆಲವು ಸಲ ಅವನು ಕಣ್ಣು ಮುಚ್ಚಿ ಕೂತಲ್ಲೇ ಬಮೆಂಡಾಕ್ಕೆ ಹೋಗುತ್ತಿದ್ದ. ಅದು ಅವನ ಬಲಗಾಲಿನಲ್ಲಿ ತಿಳಿಯುತ್ತಿತ್ತು. ಇಳಿಜಾರು ಬಂದಾಗ ಪಾದ ಮೆಲ್ಲಗೆ ನೆಲವನ್ನು ಒತ್ತುತ್ತಿತ್ತು. ವಿರ್ಬಾ ನೋಡಿಯೂ ನೋಡದವನಂತೆ ಕಿವಿಯ ಹಿಂದಿನ ಕೂದಲು ತೆಗೆಯುತ್ತಿದ್ದ.

ಆ ಪಾದವೇ ಈಗ ಅವನ ಕಣ್ಣಿಗೆ ಬಂತು. ಬೇರಿ ಬಟ್ಟೆಯ ಗಂಟನ್ನು ಕುರ್ಚಿಯ ಕೆಳಗೆ ತಳ್ಳಿ ತನ್ನ ಒಲೆಯ ಕಡೆ ಹೋಗಿದ್ದಳು.

ಸುದ್ದಿ ಹಬ್ಬುವಷ್ಟರಲ್ಲಿ ಬೆಂಚು ತುಂಬಿತು. ಸೂತಕಕ್ಕೆ ಮನೆತನದ ಗಂಡಸರೆಲ್ಲ ತಲೆ ಬೋಳಿಸಿಕೊಳ್ಳಬೇಕು, ಮನೆತನಕ್ಕೆಲ್ಲ ಕ್ಷೌರಿಕ ಇವನೊಬ್ಬನೇ. ಒಬ್ಬರಾದ ಮೇಲೆ ಒಬ್ಬರು ಬಂದು ಕುರ್ಚಿಯಲ್ಲಿ ಕೂತರು, ಎದ್ದರು. ಅವನು ಸಾಬೂನು ಹಚ್ಚಿದ, ಬೋಳಿಸಿದ, ಒರೆಸಿದ. ಬೆಂಚಿನ ಮೇಲೆ ಎಂದಿನಂತೆ ಮಾತಿತ್ತು, ಜೋಳದ ರೇಟು, ಯಾರದೋ ಮಗಳ ಮದುವೆ. ಆದರೆ ಅವನು ಆ ಕಡೆಗೆ ತಿರುಗಿದಾಗ ಮಾತು ಸಣ್ಣಗಾಗುತ್ತಿತ್ತು. ಯಾರೂ ಅವನ ಮುಖ ನೋಡಲಿಲ್ಲ. ಇಪ್ಪತ್ತನೆಯ ತಲೆಯ ಹೊತ್ತಿಗೆ ಬೇರಿ ಹೇಳಿದ್ದು ನಿಜವೆಂದು ಅವನಿಗೆ ಖಾತ್ರಿಯಾಯಿತು. ಮಂಡಿ ನೋಯುತ್ತಿತ್ತು. ಓಡಬೇಕು ಅನ್ನಿಸಲೂ ಇಲ್ಲ, ಓಡಬಾರದು ಅನ್ನಿಸಲೂ ಇಲ್ಲ. ಸ್ವಲ್ಪ ಹೊತ್ತು ಕೂರಬೇಕು ಅಂತ ಮಾತ್ರ ಅನ್ನಿಸುತ್ತಿತ್ತು. ಬಫೂಸಾಮಿನಲ್ಲಿ ಮಗಳ ಮನೆಯ ಮುಂದೆ ಒಂದು ಜಗಲಿಯಿದೆ. ಅಲ್ಲಿ ಕೂತರೆ ಯಾರೂ ಬಾಗುವುದಿಲ್ಲ, ಯಾರೂ ಕೇಳುವುದಿಲ್ಲ.

ಸೂರ್ಯ ಮಂಜಿನಿಂದ ಹೊರಬಂದು ನೆತ್ತಿಗೇರುವ ಹೊತ್ತಿಗೆ ಲಾಫೋನ್ ಬಂದ. ಎಂದೋ ತೀರಿಹೋದ ನಡುವಿನ ಅಣ್ಣನ ಮಗ, ಮೂವತ್ತನಾಲ್ಕರವನು. ಬಮೆಂಡಾಕ್ಕೆ ಹೋಗುವ ಸಣ್ಣ ಬಸ್ಸು ಓಡಿಸುತ್ತಿದ್ದ. ಬಸ್ಸನ್ನು ಎದುರಿಗೇ ನಿಲ್ಲಿಸಿ, ಇಂಜಿನ್ ಆರಿಸಿ, ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಒಳಗೆ ಬಂದು ಕೂತ. ಬೆಂಚು ಆಗ ಬರಿದಾಗಿತ್ತು.

"ಚಿಕ್ಕಪ್ಪ, ಮುಂದಿನ ಸೀಟು ನಿಮಗೆ ಇಟ್ಟಿದೀನಿ," ಅಂದ. "ಅತ್ತೆ ಹೇಳಿದ್ರು."

ವಿರ್ಬಾ ಅವನ ಕೊರಳಿಗೆ ಬಟ್ಟೆ ಕಟ್ಟಿದ. ಒದ್ದೆ ಮಾಡಿದ. ಈ ತಲೆಯ ಸುಳಿ ಎಡಕ್ಕಿತ್ತು, ತಂಗ್ವಾನದರ ಹಾಗೆಯೇ.

"ನಾನು ಹೋದ್ರೆ ಆಮೇಲೆ?"

"ಆಮೇಲೆ ಏನು. ಯಾರನ್ನಾದ್ರೂ ಹಿಡೀತಾರೆ."

"ನೀನು ಸಾಯಂಕಾಲ ಬರ್ತೀಯಲ್ಲ?"

ಲಾಫೋನ್ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿದ. "ಬರದೆ? ಬಸ್ಸು ವಾಪಸು ತರಬೇಕು. ಮನೇಲಿ ಅವಳಿಗೆ ದಿನ ತುಂಬಿದೆ." ನಕ್ಕ. ನಗು ಅರ್ಧಕ್ಕೆ ನಿಂತಿತು. "ಬೇಗ ಬೋಳಿಸಿ ಚಿಕ್ಕಪ್ಪ, ಬಸ್ಸಲ್ಲಿ ಜನ ಕಾಯ್ತಿದಾರೆ."

ವಿರ್ಬಾ ಇಲ್ಲದಿದ್ದರೆ ಮನೆತನದಲ್ಲಿ ಆ ಟೋಪಿಗೆ ಉಳಿಯುವವನು ಯಾರೆಂದು ಇಬ್ಬರಿಗೂ ಗೊತ್ತಿತ್ತು. ತಾನು ಹಿಡಿಸಿಕೊಳ್ಳುವುದಕ್ಕೆ ದಾರಿಮಾಡುವವನನ್ನು ತಾನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬರಲು ಲಾಫೋನ್ ಸಿದ್ಧನಾಗಿ ಬಂದಿದ್ದ. ವಿರ್ಬಾ ಕತ್ತಿಯನ್ನು ನೆತ್ತಿಯಿಂದ ಕೆಳಗಿಳಿಸಿದ. ಕನ್ನಡಿಯಲ್ಲಿ ಲಾಫೋನನ ಕಣ್ಣು ಮುಚ್ಚಿತ್ತು. ಕೆಳಗೆ, ಚಪ್ಪಲಿಯಲ್ಲಿ, ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

ಪೂರ್ತಿ ಬೋಳಿಸಿ, ಒರೆಸಿ, ಕಿವಿಯ ಹಿಂದೆ ಉಳಿದ ಸಾಬೂನು ತೆಗೆದ.

"ಆ ಸೀಟಿಗೆ ಯಾರನ್ನಾದ್ರೂ ಕೂರಿಸ್ಕೋ," ಅಂದ ವಿರ್ಬಾ.

ಲಾಫೋನ್ ಎದ್ದು ನಿಂತ. ವಿರ್ಬಾ ಬಟ್ಟೆ ಕೊಡವುತ್ತ, ಕೆಸರಿನ ತಿರುವಿನಲ್ಲಿ ನಿಧಾನ ಹೋಗು ಅಂದ. ಹುಡುಗ ಅಲ್ಲ ಅವನು, ಮೀಸೆಯಲ್ಲಿ ಆಗಲೇ ಒಂದು ಬಿಳಿಕೂದಲಿತ್ತು. ಆದರೂ ಹೊರಗೆ ಹೋಗುವಾಗ ಅಂಗಿಯ ತೋಳಿನಿಂದ ಕಣ್ಣೊರಸಿಕೊಂಡ. ಬಸ್ಸು ಹೊರಟಿತು.

ಬಸ್ಸು ವಿರ್ಬಾನನ್ನು ಬಿಟ್ಟುಹೋದದ್ದನ್ನು ನೋಡಿ ಬೇರಿ ಸೌಟು ಹಿಡಿದೇ ಓಡಿಬಂದಳು. ಬರುವಷ್ಟರಲ್ಲಿ ಅವನು ತನ್ನ ಕುರ್ಚಿಯಲ್ಲಿ ಕೂತಿದ್ದ. ಮೂವತ್ತೊಂದು ವರ್ಷದಲ್ಲಿ ಅದರಲ್ಲಿ ಅವನು ಕೂತದ್ದನ್ನು ಅವಳು ನೋಡಿರಲಿಲ್ಲ.

"ಸೌಟು ಇಡು. ಕತ್ತಿ ತಗೋ," ಅಂದ. "ನನ್ನ ತಲೆ ಬಾಕಿ ಇದೆ."

ಅವಳು ಬೈದಳು. ಮೂವರಣ್ಣಂದಿರಲ್ಲಿ ಒಬ್ಬನೂ ತನಗೆ ಉಳಿಯದ ಹಾಗೆ ಆಯಿತಲ್ಲ, ಇನ್ನು ಬಾಗಿಕೊಂಡೇ ಕಾಳು ಬಡಿಸಬೇಕೇನು, ತಾನೆಷ್ಟು ಚೆಂದ ಗಂಟು ಕಟ್ಟಿದ್ದೆ, ಅಂತೆಲ್ಲ ಬೈದಳು. ಬೈಯುತ್ತಲೇ ಸಾಬೂನು ಕಲಸಿದಳು. ಕತ್ತಿಯನ್ನು ಕೋಳಿ ಕೊಯ್ಯುವವಳ ಹಾಗೆ ಹಿಡಿದಿದ್ದಳು. ಅವನು ಅವಳ ಮಣಿಕಟ್ಟನ್ನು ಸ್ವಲ್ಪ ಮಲಗಿಸಿ, ಹೀಗೆ, ಅಂದ.

ಒಂದು ಬದಿ ಮುಗಿದಿತ್ತು. ಬಾಗಿಲಲ್ಲಿ ನೆರಳು ಬಿತ್ತು. ಕಿಬೋಂಗ್, ಅವನ ಹಿಂದೆ ನಾಲ್ವರು ಗಟ್ಟಿ ಆಳುಗಳು, ಪಂಚೆ ಎತ್ತಿ ಕಟ್ಟಿಕೊಂಡು ಓಡುವುದಕ್ಕೆ ತಯಾರಾಗಿ ಬಂದವರು. ಕುರ್ಚಿಯಲ್ಲಿ ಅರ್ಧ ತಲೆಗೆ ನೊರೆ ಮೆತ್ತಿಕೊಂಡು ಕೂತವನನ್ನು ಕಂಡು ನಿಂತುಬಿಟ್ಟರು. ಒಬ್ಬ ಆಗಲೇ ಏದುಸಿರು ಬಿಡುತ್ತಿದ್ದ. ಹಿಂಬಾಗಿಲನ್ನು ಸುತ್ತಿ ಬಂದಿದ್ದನಿರಬೇಕು.

ಕಿಬೋಂಗ್ ಗಂಟಲು ಸರಿಮಾಡಿಕೊಂಡ. ಟೋಪಿಯನ್ನು ಬೇಡುವವನಿಗೆ ಟೋಪಿ ಕೊಡುವುದಿಲ್ಲ. ಕೊಸರಾಡದೆ ಕೂತವನು ಆಸೆಪಟ್ಟ ಅಂತ ಜನ ಆಡುತ್ತಾರೆ. ಆ ಮಾತು ಮನೆತನಕ್ಕೆ ಎರಡು ತಲೆಮಾರು ಅಂಟಿಕೊಳ್ಳುತ್ತದೆ.

"ಸ್ವಲ್ಪನಾದ್ರೂ ಓಡಪ್ಪ," ಅಂದ ಮುದುಕ ತಗ್ಗಿದ ದನಿಯಲ್ಲಿ. "ಆ ಸಂತೆಕಟ್ಟೆವರೆಗೆ ಸಾಕು. ಜನ ನೋಡ್ತಿದಾರೆ."

"ಇಪ್ಪತ್ತಾರು ವರ್ಷದ ಹಿಂದೆ ಓಡಿದೀನಲ್ಲ," ಅಂದ ವಿರ್ಬಾ. "ಅದನ್ನೇ ಇವತ್ತಿನ ಲೆಕ್ಕಕ್ಕೆ ಹಿಡ್ಕೋ. ಈಗ ಮಂಡಿ ಇಲ್ಲ."

ನಾಲ್ವರಲ್ಲಿ ಒಬ್ಬ ನಕ್ಕು ಬಾಯಿ ಮುಚ್ಚಿಕೊಂಡ. ಕಿಬೋಂಗ್ ಬೆಂಚಿನ ಮೇಲೆ ಕುಸಿದು ಕೂತ. ಅವನಿಗೂ ಎಂಬತ್ತರ ಹತ್ತಿರ. ಅವನಿಗೂ ಬೆಳಿಗ್ಗೆಯಿಂದ ನಡೆದು ಸಾಕಾಗಿತ್ತು. ಉಳಿದರ್ಧ ಮುಗಿಯಲಿ ಅಂದ. ಐದು ಮಂದಿ ಕಾದರು. ಬೇರಿಯ ಕತ್ತಿ ಜಾರಿ ಕಿವಿಯ ಮೇಲೆ ಒಂದು ಗೀರು ಬಿತ್ತು. ಅವಳು ಬಟ್ಟೆಯಿಂದ ಒರೆಸಿ ಪಕ್ಕಕ್ಕೆ ಸರಿದಳು. ಮುದುಕ ಎದ್ದುಬಂದು ವಿರ್ಬಾನ ಹೆಗಲ ಮೇಲೆ ಕೈಯಿಟ್ಟ. ಕೈ ಹಗುರವಾಗಿತ್ತು, ಒಣಗಿದ ಎಲೆಯ ಹಾಗೆ.

"ಫಾಯ್," ಅಂದ.

ಅಷ್ಟರಲ್ಲಿ ಬೇರಿ ಬಾಗಿದ್ದಳು.

ಅರಮನೆಯಲ್ಲಿ ಕೂರಿಸುವಷ್ಟು ದಿನ ಕೂರಿಸಿ, ಅರಸನ ಕೈಯಿಂದ ಟೋಪಿ ಇಡಿಸಿ, ಗರಿ ಸಿಕ್ಕಿಸಿ ಹೊರಗೆ ಬಿಟ್ಟರು. ಡೋಲು ಬಡಿದರು, ಕೋವಿ ಹಾರಿಸಿದರು. ಲಾಫೋನ್ ಆಗಷ್ಟೇ ಹುಟ್ಟಿದ್ದ ತನ್ನ ಮಗಳನ್ನು ಎತ್ತಿಕೊಂಡು ಬಂದು ಬಾಗಿದ. ಜೋಳದ ಮುದ್ದೆ, ಸೊಪ್ಪು, ಬೈನೆಯ ಹೆಂಡ, ಬಾಗುವ ತಲೆಗಳು. ಊರಿನ ಈ ನೆತ್ತಿಗಳನ್ನು ಅವನು ಯಾವಾಗಲೂ ಮೇಲಿನಿಂದಲೇ ನೋಡಿದವನು. ಈಗ ಮುಟ್ಟುವಂತಿರಲಿಲ್ಲ, ಅಷ್ಟೇ. ಅಂಗಡಿಯ ಮುಂಭಾಗಕ್ಕೆ ಹಲಗೆ ಬಡಿದರು. ಕತ್ತಿಗಳನ್ನು ಬೇರಿ ಎಣ್ಣೆ ಸವರಿ ಕಟ್ಟಿಟ್ಟಳು.

ತಿಂಗಳು ಕಳೆದ ಮೇಲೆ, ಮಂಜಿನ ಒಂದು ಬೆಳಿಗ್ಗೆ, ಫಾಯ್ ಹಿಂಬಾಗಿಲಿನಿಂದ ಪರದೆಯಾಚೆಯ ಕೋಣೆಗೆ ಬಂದ. ಯಾರು ಬೋಳಿಸುತ್ತಾರೆ ಅಂತ ಅವನು ಯೋಚಿಸಿರಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರಿತ್ತು. ಬೇರಿ ಮೂಲೆಯಲ್ಲಿ ನಿಂತಿದ್ದಳು, ತೋಳು ಮಡಚಿಕೊಂಡು.

"ಹೆಂಗಸು ಟೋಪಿ ಮುಟ್ಟಬಾರದು ಅಂತ ಇದೆ," ಅಂದಳು. "ತಲೆ ಮುಟ್ಟಬಾರದು ಅಂತ ಯಾರೂ ಹೇಳಿಲ್ಲ. ಕಿಬೋಂಗನ್ನ ಕೇಳಿದೆ. ತಡಬಡಿಸಿದ."

ಅವನು ಟೋಪಿ ತೆಗೆದ. ನೂಲಿನ ಟೋಪಿಗೆ ಇಷ್ಟು ಭಾರ ಎಲ್ಲಿಂದ ಬರುತ್ತದೋ, ತೆಗೆದಾಗ ಕುತ್ತಿಗೆ ತಾನಾಗಿ ಮೇಲೆದ್ದಿತು. ಗೂಟಕ್ಕೆ ನೇತುಹಾಕಿದ. ಗರಿ ಸ್ವಲ್ಪ ಹೊತ್ತು ಅಲ್ಲಾಡಿ ನಿಂತಿತು. ಮುಕ್ಕಾಲಿಯ ಮೇಲೆ ಕೂತು ಕಣ್ಣು ಮುಚ್ಚಿದ. ಹೊರಗೆ ದನಗಳು ಏರು ಹತ್ತುತ್ತಿದ್ದವು. ಅವಳ ಬೆರಳುಗಳಲ್ಲಿ ಹುರುಳಿಯ ವಾಸನೆ ಇತ್ತು.

"ವಿರ್ಬಾ, ತಲೆ ತಗ್ಗಿಸು," ಅಂದಳು ಬೇರಿ.

ಅವನು ಅಲ್ಲಾಡಲಿಲ್ಲ. ದನಗಳ ಗೊರಸಿನ ಸದ್ದು ದಾಟಿ ಹೋಯಿತು. ಅವಳ ಅಂಗಡಿಗೂ ಈ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ; ಹದಿನಾರು ವರ್ಷ ಅವಳು ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡವಳು. ಅವಸರ ಮಾಡಲಿಲ್ಲ. ಕತ್ತಿಯನ್ನು ನೀರಿನಲ್ಲಿ ಅದ್ದಿ ಇನ್ನೊಮ್ಮೆ ಕರೆದಳು.

ಅವನು ತಲೆ ತಗ್ಗಿಸಿದ.